ದೇವಿಯ ಕೈ ಅಳತೆ

ನಮ್ಮ ಕಡೆ ಸುಮ್ಮನೆ ಯಾರೂ ಗುಡ್ಡ ಹತ್ತುವುದಿಲ್ಲ. ತಪ್ಪಿಸಿಕೊಂಡ ದನ ಹುಡುಕಲು ಹತ್ತುತ್ತಾರೆ, ಜೇನು ಕೀಳಲು ಹತ್ತುತ್ತಾರೆ, ಶಿಕಾರಿಗೆ ಹೋಗುತ್ತಾರೆ, ಹರಕೆ ಇದ್ದರೆ ಬರಿಗಾಲಲ್ಲಿ ಹೋಗುತ್ತಾರೆ. ಹಾಗಿರುವಾಗ ನನ್ನ ಗಂಡ ಒಂದು ದಿನ ಊಟಕ್ಕೆ ಕೂತವರು, "ಶನಿವಾರ ಭಾನುವಾರ ಗುಡ್ಡಕ್ಕೆ ಹೋಗ್ತಾ ಇದೀವಿ ಕಣೆ" ಅಂದರು. ಯಾಕೆ ಅಂದೆ. "ಸುಮ್ನೆ" ಅಂದರು. ಆ ಸುಮ್ನೆ ಅನ್ನುವುದು ಮೀನಿನ ಮುಳ್ಳಿನ ಹಾಗೆ ನನ್ನ ಗಂಟಲಲ್ಲಿ ಸಿಕ್ಕಿಕೊಂಡಿತು.

ಐವತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಯಸಳೂರು ಕಡೆಯ ಕಾಫಿ ಎಸ್ಟೇಟೊಂದರಲ್ಲಿ ಇವರು ಲೆಕ್ಕ ಬರೆಯುವ ರೈಟರ್. ಎಸ್ಟೇಟಿನವರು ಕೊಟ್ಟ ಮನೆಯಲ್ಲಿ ನಾನು, ಇವರು, ನಮ್ಮತ್ತೆ. ನನ್ನ ತವರು ಆಲೂರು ಹತ್ತಿರದ ಮಗ್ಗೆ. ಮದುವೆಯಾಗಿ ಕೆಲವು ವರ್ಷ ಕಳೆದಿದ್ದರೂ ಮಕ್ಕಳಾಗಿರಲಿಲ್ಲ. ಅತ್ತೆ ಅದನ್ನು ಬಾಯಿಬಿಟ್ಟು ಆಡುತ್ತಿರಲಿಲ್ಲ. ಕೂಲಿಯವರ ಮನೆಗಳ ಲೈನಿನಲ್ಲಿ ಯಾರ ಹಸು ಕರು ಹಾಕಿದರೂ ಆ ಸುದ್ದಿಯನ್ನು ನನಗೆ ಕೇಳುವ ಹಾಗೆ ಜೋರಾಗಿ ಹೇಳುತ್ತಿದ್ದರು, ಅಷ್ಟೆ. ಹೆಂಡತಿ ಇರುವಾಗ ಇನ್ನೊಂದು ಮದುವೆ ಆಗಬಾರದು ಅಂತ ಕಾನೂನು ಬಂದಿದೆ ಎಂದು ಕೇಳಿದ್ದೆ. ಆದರೆ ಆ ಕಾನೂನು ಇನ್ನೂ ಸಕಲೇಶಪುರದಿಂದ ನಮ್ಮೂರ ಬಸ್ಸು ಹತ್ತಿರಲಿಲ್ಲ. ನಮ್ಮ ಕಣ್ಣೆದುರಿಗೇ ಒಬ್ಬ ಮೇಸ್ತ್ರಿ ಎರಡನೆಯವಳನ್ನು ತಂದು, ಮೊದಲನೆಯವಳನ್ನು ತವರಿಗೆ ಕಳಿಸಿದ್ದ. ಹಾಗಾಗಿ ನನಗೆ ಭಯವಿತ್ತು. ಸುಳ್ಳು ಹೇಳಿ ಏನು ಪ್ರಯೋಜನ, ದಿನಾ ಭಯವಿತ್ತು.

ಗುಡ್ಡದ ಯೋಚನೆ ಹುಟ್ಟಿದ್ದು ಚಿಕ್ಕ ಸಾಹುಕಾರರ ತಲೆಯಲ್ಲಂತೆ. ಸಾಹುಕಾರರ ಮಗ, ಮೈಸೂರಿನಲ್ಲಿ ಓದಿ ಬಂದವರು. ಘಟ್ಟದ ಅಂಚಿನ ದೊಡ್ಡ ಗುಡ್ಡ ಹತ್ತಬೇಕು, ಮೇಲೇ ಟಾರ್ಪಾಲು ಕಟ್ಟಿ ಮಲಗಬೇಕು, ಬೆಳಿಗ್ಗೆ ಸೂರ್ಯ ಹುಟ್ಟುವುದನ್ನು ನೋಡಬೇಕು ಅಂತ ಅವರಿಗೆ ಆಸೆ. ನಮ್ಮ ಅಂಗಳದಲ್ಲಿ ಹುಟ್ಟುವ ಸೂರ್ಯನಿಗೆ ಏನಾಗಿದೆ? ಮಳೆ ಬಿಟ್ಟು ಕಾಫಿ ಹಣ್ಣಿನ ಕೊಯ್ಲು ಶುರುವಾಗುವ ಮುಂಚೆ ಹೋಗಿಬಿಡಬೇಕು ಎಂದು, ಏರ್ಪಾಡನ್ನೆಲ್ಲ ಇವರಿಗೆ ಒಪ್ಪಿಸಿದ್ದರು. ಇವರು ಸ್ಟೋರಿನಿಂದ ಟಾರ್ಪಾಲು ತಂದರು, ಲಾಟೀನು ಒರೆಸಿದರು, ಇಂಬಳ ಕಾಲಿಗೆ ಹತ್ತಿ ರಕ್ತ ಹೀರದಿರಲಿ ಎಂದು ಹೊಗೆಸೊಪ್ಪು, ಸುಣ್ಣ ಗಂಟು ಕಟ್ಟಿದರು. ಅಲ್ಲಿಯವರೆಗೆ ಎಲ್ಲ ಸರಿಯಾಗೇ ಇತ್ತು. ಆಮೇಲೆ ಇವರು ಕನ್ನಡಿ ಮುಂದೆ ನಿಂತು ಮೀಸೆ ಕತ್ತರಿಸಿಕೊಂಡರು. ಗುಡ್ಡದ ಮೇಲೆ ಇವರ ಮೀಸೆ ನೋಡುವವರು ಯಾರು, ಕಾಡುಕೋಣವೇ?

ಅಷ್ಟರಲ್ಲಿ ಅತ್ತೆ ಬಾಯಿ ಹಾಕಿದರು.

"ಅಯ್ಯೋ ಮಗ, ಗುಡ್ಡದ್ ಮೇಲೆ ಮಲಗೋದಾ? ಆನೆ ಗೀನೆ ಬಂದ್ರೆ ಏನ್ ಗತಿ? ಬುಡ್ದಲ್ಲೇ ನಮ್ಮಣ್ಣನ ಮನೆ ಐತೆ. ಬಿಸ್ನೀರು ಕಾಯ್ಸಿ ಕೊಡ್ತಾರೆ, ಬೆಚ್ಚಗೆ ಮಲಗ್ಬುಟ್ಟು ಬೆಳಿಗ್ಗೆ ಹತ್ತಿ."

ಅದೇ ಅತ್ತೆ ಹಿಂದಿನ ವರ್ಷ ಆನೆ ತೋಟಕ್ಕೆ ನುಗ್ಗಿದ್ದಾಗ ಇವರನ್ನು ಕಾವಲಿಗೆ ಕಳಿಸಿ ಹಾಯಾಗಿ ಗೊರಕೆ ಹೊಡೆದಿದ್ದರು. ಮಗನ ಮೇಲೆ ಈಗ ಯಾಕೆ ಇಷ್ಟೊಂದು ಪ್ರೀತಿ ಉಕ್ಕಿತು? ಅವರ ಅಣ್ಣನಿಗೆ ಒಬ್ಬಳು ಮಗಳಿದ್ದಳು. ನಮ್ಮ ಮದುವೆಯಲ್ಲಿ ಮೂಗು ಸುರಿಸಿಕೊಂಡು ಓಡಾಡುತ್ತಿದ್ದ ಹುಡುಗಿ. ಇವರನ್ನು ಭಾವ ಅನ್ನುವ ವರಸೆ. ಭಾವ ಅನ್ನುವವಳನ್ನು ಕಟ್ಟಿಕೊಳ್ಳಬಹುದು ಎಂದು ನಾನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಆ ಹುಡುಗಿ ಈಗ ಎಷ್ಟು ಬೆಳೆದಿರಬಹುದು ಎಂದು ಸಾರಿಗೆ ಒಗ್ಗರಣೆ ಹಾಕುತ್ತಾ ಲೆಕ್ಕ ಹಾಕಿದೆ. ಒಗ್ಗರಣೆ ಸೀದುಹೋಯಿತು.

ಅದೇ ವಾರ ಸಕಲೇಶಪುರದಿಂದ ಬಳೆ ಸಾಬರು ಬಂದರು. ಅತ್ತೆ ಜಗಲಿಯಲ್ಲಿ ಕೂತು ಹಸಿರು ಗಾಜಿನ ಬಳೆ ತೆಗೆಸಿದರು.

"ಯಾರಿಗಮ್ಮಾ?" ಅಂದರು ಸಾಬರು.

"ಗುಡ್ಡದಮ್ಮನಿಗೆ. ಹುಡ್ಗರು ಹೋಗ್ತಾವ್ರೆ, ಬರಿಗೈಲಿ ಕಳ್ಸೋಕಾಯ್ತದಾ?"

ಗುಡ್ಡದ ತಲೆಯ ಮೇಲೆ ಅಮ್ಮ ಅಂತ ಒಂದು ಕಲ್ಲು ಇರುವುದು ನಿಜ. ಸಾಬರು ದೊಡ್ಡ ಬಳೆಯ ಕಟ್ಟು ಮುಂದಿಟ್ಟರು. ಅತ್ತೆ ಅದನ್ನು ಪಕ್ಕಕ್ಕೆ ಸರಿಸಿ, ಸೊಂಟದ ಗಂಟಿನಿಂದ ನೂಲಿನ ಒಂದು ಕುಣಿಕೆ ತೆಗೆದರು. ನಾನು ಬಾಗಿಲ ಹಿಂದೆಯೇ ಇದ್ದೆ. ಆ ಕುಣಿಕೆಯನ್ನು ಒಂದೊಂದೇ ಬಳೆಯ ಮೇಲೆ ಇಟ್ಟು ನೋಡಿದರು.

ಸಾಬರು ನಕ್ಕುಬಿಟ್ಟರು. "ಏನಮ್ಮಾ ಇದು, ದ್ಯಾವ್ರ ಕೈಗೂ ಅಳ್ತೆ ತಂದಿದ್ದೀರಲ್ಲ!"

"ನೀ ಸುಮ್ಕೆ ಕೊಡಪ್ಪ," ಅಂದರು ಅತ್ತೆ.

ಗೌರಿ ಹಬ್ಬಕ್ಕೆ ಅಣ್ಣನ ಮನೆಗೆ ಹೋಗಿದ್ದಾಗಲೇ ಆ ಹುಡುಗಿಯ ಕೈ ಅಳೆದು ನೂಲು ತಂದಿರಬೇಕು. ಅತ್ತೆ ಹಿತ್ತಲಿಗೆ ಹೋದ ಹೊತ್ತಿನಲ್ಲಿ ಒಂದು ಬಳೆ ತೆಗೆದು ನನ್ನ ಕೈಗೆ ಹಾಕಿಕೊಂಡು ನೋಡಿದೆ. ಗೆಣ್ಣು ದಾಟಲಿಲ್ಲ. ಸೋಪು ಹಚ್ಚಿಕೊಂಡು ತುರುಕಿದೆ. ಆಗಲೂ ದಾಟಲಿಲ್ಲ. ಅಲ್ಲೇ ಒಲೆ ಮುಂದೆ ಕೂತು ಅತ್ತುಬಿಟ್ಟೆ. ಆಮೇಲೆ ಬಳೆಯ ಸೋಪು ತೊಳೆದು, ಒರೆಸಿ, ಇದ್ದ ಹಾಗೇ ಇಟ್ಟೆ.

ಅತ್ತೆಯ ವಿಚಾರ ಗೊತ್ತಾಯಿತು. ಆದರೆ ನನಗೆ ಬೇಕಾಗಿದ್ದು ಅದಲ್ಲ. ಇವರಿಗೆ ಗೊತ್ತಿದೆಯೋ ಇಲ್ಲವೋ? ಅದೊಂದು ತಿಳಿಯಬೇಕಿತ್ತು. ಇವರು ಉಂಡರೂ ಅನುಮಾನ, ಉಣ್ಣದಿದ್ದರೂ ಅನುಮಾನ. ಒಂದು ದಿನ ನನಗೆ ಮಲ್ಲಿಗೆ ತಂದುಕೊಟ್ಟರು. ಅದನ್ನು ಮುಡಿದುಕೊಳ್ಳುವಾಗಲೂ ಇದು ಯಾವ ತಪ್ಪಿಗೆ ದಂಡ ಅಂತ ಯೋಚಿಸಿದೆ.

ಶನಿವಾರ ಬೆಳಿಗ್ಗೆ ಇವರು ಕೈಚೀಲ ತುಂಬುತ್ತಿದ್ದರು. ಎಲೆ ಅಡಿಕೆ, ತೆಂಗಿನಕಾಯಿ, ಕುಪ್ಪಸದ ಕಣ, ಬಳೆ ಎಲ್ಲವನ್ನೂ ಅತ್ತೆ ಒಂದು ತಟ್ಟೆಯಲ್ಲಿ ಜೋಡಿಸಿಟ್ಟಿದ್ದರು. ನಾನು ಬಳೆಯ ಕಟ್ಟು ಎತ್ತಿ ಹಿಡಿದು, ಏನೂ ತಿಳಿಯದವಳ ಹಾಗೆ ಅಂದೆ: "ಅಲ್ರೀ, ಇವು ತೀರಾ ಚಿಕ್ಕವಲ್ವಾ?"

ಇವರು ಟಾರ್ಪಾಲಿನ ಹಗ್ಗ ಬಿಗಿಯುತ್ತಾ, ತಲೆ ಎತ್ತದೆ ಅಂದರು: "ಇಲ್ಲ, ಸರಿಯಾಗ್ತವೆ ಬಿಡು."

ಅಂದ ಮೇಲೆ ಅವರ ಕೈ ಹಗ್ಗದ ಮೇಲೇ ನಿಂತಿತು. ಕಿವಿ ಕೆಂಪಾಯಿತು. ನಾನು ಕೂಗಾಡುತ್ತೇನೆ ಅಂದುಕೊಂಡಿರಬೇಕು. ಕೂಗಲಿಲ್ಲ. ಒಳಗೆ ಹೋಗಿ ಒಳ್ಳೆ ಸೀರೆ ಉಟ್ಟುಕೊಂಡು ಬಂದೆ. ಅಷ್ಟು ಹೊತ್ತಿಗೆ ಚಿಕ್ಕ ಸಾಹುಕಾರರ ಜೀಪು ಅಂಗಳಕ್ಕೆ ಬಂದು ನಿಂತಿತ್ತು.

"ಸ್ವಾಮಿ, ಗುಡ್ಡದಮ್ಮನಿಗೆ ಬಳೆ ಹರಕೆ ಐತೆ. ಹರಕೆ ಬಳೆ ಹೆಂಗಸ್ರೇ ಒಪ್ಪಿಸ್ಬೇಕು. ನಾನೂ ಬರ್ತೀನಿ," ಅಂದೆ.

"ಬನ್ನಿ ಬನ್ನಿ, ಅದಕ್ಕೇನು, ಜೀಪಿನಲ್ಲಿ ಜಾಗ ಇದೆ," ಅಂದರು ಅವರು, ಪಾಪ.

ದೇವರಿಗೆ ಅಂತ ಅತ್ತೆಯೇ ಊರಿಗೆಲ್ಲ ಸಾರಿದ್ದರು. ಈಗ ಬೇಡ ಅನ್ನುವುದು ಹೇಗೆ? ತಟ್ಟೆಯಲ್ಲಿದ್ದುದನ್ನೆಲ್ಲ ನಾನೇ ಮಡಿಲಿಗೆ ಸುರಿದುಕೊಂಡು ಹತ್ತಿ ಕೂತೆ. ದಾರಿಯುದ್ದಕ್ಕೂ ಇವರು ನನ್ನ ಕಡೆ ತಿರುಗಲಿಲ್ಲ.

ಅತ್ತೆ ಹೇಳಿದ್ದ ಹಾಗೇ ಮೊದಲು ಗುಡ್ಡದ ಬುಡದ ಮನೆಗೆ ಹೋದೆವು. ಅಲ್ಲಿ ಇವರ ಸೋದರಮಾವ ಹೊಸ ಪಂಚೆ ಉಟ್ಟು ಕಾಯುತ್ತಿದ್ದರು. ಜೀಪಿನಿಂದ ನಾನು ಇಳಿದಿದ್ದು ನೋಡಿ ಅವರ ಮುಖ ಹುಳ್ಳಗಾಯಿತು. ಒಳಗಿನಿಂದ ಹುಡುಗಿ ನೀರಿನ ಚೊಂಬು ಹಿಡಿದು ಬಂದಳು. ದಾವಣಿ ಹೊದೆಯುವುದು ಇನ್ನೂ ರೂಢಿಯಾಗಿಲ್ಲ, ಭುಜದಿಂದ ಜಾರುತ್ತಲೇ ಇತ್ತು. ಅತ್ತು ಅತ್ತು ಕಣ್ಣು ಊದಿತ್ತು. ದಾರಿಯಲ್ಲಿ ಅವಳಿಗೆ ಬೈಯಲು ಎಂದು ಜೋಡಿಸಿಕೊಂಡಿದ್ದ ಮಾತೆಲ್ಲ ಮರೆತುಹೋಯಿತು.

"ಬಾ ಇಲ್ಲಿ," ಅಂದೆ. ಅವಳ ಕೈ ಹಿಡಿದು ಜಗಲಿಯ ಮೇಲೆ ಕೂರಿಸಿಕೊಂಡೆ. ಬಳೆ ತೆಗೆದು ಒಂದೊಂದಾಗಿ ತೊಡಿಸಿದೆ. ನೀರಿನ ಹಾಗೆ ಇಳಿದವು. ಎಲ್ಲರೂ ನೋಡುತ್ತಿದ್ದರು. "ಚೆನ್ನಾಗವೆ. ಯಾರು ಕೊಡ್ಸಿದ್ದು ಅಂತ ಯಾರಾದ್ರೂ ಕೇಳಿದ್ರೆ ಏನಂತೀಯವ್ವ?"

ಅವಳು ನನ್ನ ಮುಖ ನೋಡಿದಳು. ಇವರ ಕತ್ತರಿಸಿದ ಮೀಸೆ ನೋಡಿದಳು. ನಾನು ಏನೂ ಹೇಳಿಕೊಡಲಿಲ್ಲ, ಆಣೆ ಮಾಡಿ ಹೇಳುತ್ತೇನೆ.

"ನಮ್ಮಣ್ಣ ಕೊಡ್ಸಿದ್ದು ಅಂತೀನಕ್ಕ," ಅಂದಳು. ಎದ್ದು ಇವರ ಮುಂದೆ ಚೊಂಬು ಹಿಡಿದಳು. "ತಗೊಳ್ಳಣ್ಣ, ನೀರು."

ಮಾವ ಕೂತಲ್ಲಿಂದ ಎಗರಿದರು. "ಏಯ್, ಭಾವ ಅನ್ನಮ್ಮಿ!"

"ಅಣ್ಣ ಅಂದ್ಬುಟ್ಟೆ ಕಣಪ್ಪಯ್ಯ," ಅಂದಳು.

ಚಿಕ್ಕ ಸಾಹುಕಾರರಿಗೆ ಇದೆಲ್ಲ ಏನು ಗೊತ್ತು! "ಏನ್ ರೈಟರ್ರೇ, ನಿಮಗೊಬ್ಬಳು ತಂಗಿ ಇದಾಳೆ ಅಂತ ಹೇಳೇ ಇರಲಿಲ್ಲವಲ್ಲ!" ಎಂದು ಸಂತೋಷಪಟ್ಟರು.

ಇವರು ಚೊಂಬು ಹಿಡಿದುಕೊಂಡು ನಿಂತೇ ಇದ್ದರು.

"ಕುಡೀರಿ," ಅಂದೆ ನಾನು. "ತಂಗಿ ಕೊಟ್ಟ ನೀರು."

ಕುಡಿದರು.