ಕರಿ ಕಂಬಳಿ ಹೊತ್ತು ಆಫ್ರಿಕಾಕ್ಕೆ

ಮಾನ್ವಿಯ ಹತ್ತಿ ಮಿಲ್ಲಿನ ಗುಮಾಸ್ತ ಅಂಬಣ್ಣ ಪ್ರತಿ ವರ್ಷ ಬನ್ನಿ ಹಬ್ಬಕ್ಕೆ ಆಫ್ರಿಕಾಕ್ಕೆ ಹೊರಡುತ್ತಾನೆ, ಉಗಾದಿಗೆ ಮುಂದೂಡುತ್ತಾನೆ. ರಾಯಚೂರಿಗೆ ಹೋದಾಗಲೆಲ್ಲ ಸ್ಟೇಷನ್ನಿನಲ್ಲಿ ಬೊಂಬಾಯಿ ರೈಲಿನ ವ್ಯಾಳ್ಯಾ ಕೇಳಿ ಬರುತ್ತಾನೆ. ಅಲ್ಲಿಂದ ಮುಂದೆ ಹಡಗು. "ಜೀಪಿನ್ಯಾಗ ಕುಂತು ಆನಿ, ಸಿಂಹ ನೋಡಾದು. ಆಮ್ಯಾಲ ಅಲ್ಲಿ ದನ-ಕುರಿ ಕಾಯೋ ಮಂದಿ ಹಟ್ಟ್ಯಾಗ ವಸ್ತಿ ಇರಾದು," ಎಂದು ಚಹಾದಂಗಡಿಯಲ್ಲಿ ಹೇಳುತ್ತಾನೆ, "ನಾನೂ ಕುರಿ ಕಾಯೋರ ಮಗ ಅಂತ ಹೇಳಾದು. ಹಟ್ಟಿಗೆ ಬರಿಗೈಲೆ ಹೋಗಬಾರದ್ರೀ." ಅದಕ್ಕೆಂದೇ ಟ್ರಂಕಿನಲ್ಲಿ ಹೊಸ ಕರಿ ಕಂಬಳಿ ಇಟ್ಟಿದ್ದಾನೆ; ನುಸಿ ಹತ್ತದಂತೆ ಆಗಾಗ ಬಿಸಿಲಿಗೆ ಹಾಕುತ್ತಾನೆ. "ದೇವದುರ್ಗದ ತಂಗಿ ಮನಿಗೇ ಹೋಗಿಲ್ಲ, ಸಿಂಹ ನೋಡ್ತಾನಂತ ಸಿಂಹ!" ಎಂದು ಹೆಂಡತಿ ಬೂದೆಮ್ಮ ಓಣಿಗೆಲ್ಲ ಕೇಳುವಂತೆ ನಗುತ್ತಾಳೆ. ಈ ಸಲ ಕಂಬಳಿ ಹರವುವಾಗ ಕೇಳಿಯೇಬಿಟ್ಟಳು: "ಆ ಆಫ್ರಿಕಾದವರ ಮಾತು ನಿನಗ ಬರಂಗಿಲ್ಲ. ನೀನೂ ಕುರಿ ಕಾಯೋರ ಮಗ ಅಂತ ಹೆಂಗ ನಂಬ್ತಾರ?" ಅಂಬಣ್ಣನನ್ನು ಓದಿಸಲು ಅಪ್ಪ ಕುರಿ ಮಾರಿದ ಮೇಲೆ ಅವನು ಒಂದು ಕುರಿಯನ್ನೂ ಕೂಗಿ ಕರೆದವನಲ್ಲ. ಅಷ್ಟರಲ್ಲಿ ಕಲ್ಲೂರು ಕಡೆಯ ಹಿಂಡೊಂದು ಓಣಿ ದಾಟುತ್ತಿತ್ತು. ಅಂಬಣ್ಣ ನಾಲಿಗೆ ಮಡಚಿ ಅಪ್ಪ ಕುರಿ ಕರೆಯುತ್ತಿದ್ದ ಕೂಗು ಹಾಕಿದ. ಮುಂದಿದ್ದ ಟಗರು ತಿರುಗಿತು, ಹಿಂಡೆಲ್ಲ ನಿಂತಿತು. ಬೂದೆಮ್ಮ ನಗಲಿಲ್ಲ. ಹಿಂದೆ ಬರುತ್ತಿದ್ದ ಮುದುಕ ಕುರಿಗಾರ ಕೋಲೂರಿ ನಿಂತು ಕೇಳಿದ: "ಯಪ್ಪಾ, ಯಾವ ಹಟ್ಟಿಯವ ನೀ?"