ಓಣಿಗಳ ಗೋಪುರ

ಕೊಟ್ಟೂರಿನಲ್ಲಿ ಮನೆ ಕಟ್ಟಿಸುವವರಿಗೆ ಆರ್ಕಿಟೆಕ್ಟ್ ಬೇಕಾಗುವುದು ಪರವಾನಗಿಗೆ ಮಾತ್ರ. ಉಳಿದ ಬುದ್ಧಿಯೆಲ್ಲ ಅವರ ಹತ್ತಿರವೇ ಇರುತ್ತದೆ. ನನ್ನ ಝೆರಾಕ್ಸ್ ಅಂಗಡಿಯ ಮೇಲಿನ ಕೋಣೆಯಲ್ಲಿ ಅರ್ಚನಾ ಆಫೀಸು ತೆರೆದಾಗಿನಿಂದ ನೋಡುತ್ತಲೇ ಇದ್ದೆ. ಆಕೆ ದೊಡ್ಡ ಕಿಟಕಿ ಬರೆದರೆ ವಾಸ್ತುವಿನ ಲೆಕ್ಕದಲ್ಲಿ ಮನೆಯ ಆಯ ಕೆಡುತ್ತದೆಂದು ಕಿಟಕಿ ಹೋಗುತ್ತಿತ್ತು. ಅಂಗಳ ಬರೆದರೆ ಆ ಜಾಗಕ್ಕೆ ಬಾಡಿಗೆ ಕೋಣೆ ಬರುತ್ತಿತ್ತು. ಪಾಪ, ಹುಡುಗಿ ಅಳಿಸುವುದರಲ್ಲೇ ಪಳಗಿಬಿಟ್ಟಿದ್ದಳು.

2007ರ ಜನವರಿಯಲ್ಲಿ, ಗಗನಚುಂಬಿ ಕಟ್ಟಡಗಳ ಕಲ್ಪನೆಗೆಂದೇ ಪರದೇಶದವರು ನಡೆಸುವ ಸ್ಪರ್ಧೆಗೆ ಅವಳು ಹೆಸರು ಕೊಟ್ಟಳು. ಗೆದ್ದರೂ ಅದನ್ನು ಯಾರೂ ಕಟ್ಟುವುದಿಲ್ಲ ಎಂದು ಕೇಳಿ ನನಗೆ ನಗು ಬಂತು.

"ಕಟ್ಟದಿದ್ರ ಏನು ಉಪಯೋಗ ತಂಗಿ?"

"ಅದಕ್ಕ ಬೇಕಾಗೈತಿ ಅಣ್ಣ. ಅಲ್ಲಿ ಯಾರೂ ಅಡಿಗಿಮನಿ ಸರಿಸು ಅನ್ನಂಗಿಲ್ಲ. ನನ್ನ ತಲ್ಯಾಗ ಏನೈತಿ ಅಂತ ಒಬ್ಬರರ ನೋಡ್ಲಿ."

ಅವಳ ಗೋಪುರದಲ್ಲಿ ಒಂದೊಂದು ಅಂತಸ್ತೂ ಒಂದೊಂದು ಓಣಿ. ಓಣಿಗೊಂದು ಕಟ್ಟೆ, ಬೇವಿನ ಮರ, ಮೇಲಿನವರು ಕೆಳಗಿನವರನ್ನು ಮಾತಾಡಿಸಲು ನಡುವೆ ಬಯಲು. ಅದನ್ನು ಬಿಡಿಸುವಂಥ ಕಂಪ್ಯೂಟರ್ ಅವಳ ಬಳಿ ಇರಲಿಲ್ಲ. ಮಾದರಿ ಮಾಡಿಸಿ, ಅದರ ಫೋಟೊ ಕಳಿಸಬೇಕಿತ್ತು. ಮೊಹರಮ್ಮಿಗೆ ಬಿದಿರು, ಬಣ್ಣದ ಕಾಗದದಲ್ಲಿ ತಾಬೂತು ಕಟ್ಟುವ ಯೂನುಸ ಒಪ್ಪಿಕೊಂಡ. ಆದರೆ ಹಬ್ಬದ ಕೆಲಸದ ನಡುವೆ ಅದು ಮುಗಿದದ್ದು ತಾಬೂತುಗಳನ್ನು ಹೊತ್ತು ಒಯ್ದು ಕೆರೆಯಲ್ಲಿ ಬಿಡುವ ದಿನ ಬೆಳಿಗ್ಗೆ. ಸ್ಪರ್ಧೆಯ ಗಡುವು ಮರುದಿನ. ಆಳೆತ್ತರದ ಗೋಪುರವನ್ನು ತಾಬೂತುಗಳ ಚಪ್ಪರದಲ್ಲೇ ಬಿಟ್ಟು ಅರ್ಚನಾ ಗೆಳತಿಯ ಕ್ಯಾಮೆರಾ ತರಲು ಹರಪನಹಳ್ಳಿಯ ಬಸ್ಸು ಹತ್ತಿದಳು. ಫೋಟೊ, ಗಡುವು ಇದನ್ನೆಲ್ಲ ತಾಯಿ ಶಿವಬಸಮ್ಮನಿಗೆ ಬಿಡಿಸಿ ಹೇಳಿರಲಿಲ್ಲ. ಸ್ಪರ್ಧೆಗೆ ಮಾಡಿಸಿದ್ದು ಎಂದಷ್ಟೇ ಹೇಳಿದ್ದಳು.

ಮಧ್ಯಾಹ್ನ ಮರಳಿದಾಗ ಚಪ್ಪರ ಖಾಲಿಯಾಗಿತ್ತು. ಅವಳ ಹಿಂದೆ ನಾನೂ ಕೆರೆಗೆ ಓಡಿದೆ. ದಡದಲ್ಲಿ ಯೂನುಸ ತಲೆ ತಗ್ಗಿಸಿ ನಿಂತಿದ್ದ.

"ನಾನು ದೊಡ್ಡ ತಾಬೂತಿಗೆ ಹೆಗಲು ಕೊಟ್ಟು ಮುಂದಿದ್ದೆರಿ. ಹೊಳ್ಳಿ ನೋಡಿದ್ರ ಇದೂ ಬರಾಕತ್ತಿತ್ತು. ಯಾರೋ ಮುಲ್ಲಾನ ಕಡೆ ಸಕ್ಕರಿ ಓದಿಸಿ, ದಾರ ಕಟ್ಟಿ ಹರಕಿ ಹೊತ್ತಾರ. ಹರಕಿ ಹೊತ್ತ ಮ್ಯಾಲ ವಾಪಸ್ ಒಯ್ಯೋಹಂಗಿಲ್ರಿ."

ನೀರಿನ ಮೇಲೆ ಕಾಣುತ್ತಿದ್ದದ್ದು ತುದಿಯ ಓಣಿಯೊಂದೇ. ಬಣ್ಣದ ಕಾಗದ ಕಳಚಿ ತೇಲುತ್ತಿತ್ತು. ಕ್ಯಾಮೆರಾ ಅರ್ಚನಾಳ ಕೊರಳಲ್ಲೇ ಇತ್ತು, ಆದರೆ ತೆಗೆಯಲು ಏನೂ ಉಳಿದಿರಲಿಲ್ಲ. ಸಿಟ್ಟು ಬಂತು ನನಗೆ, ಯಾರ ಮೇಲೆ ಮಾಡಿಕೊಳ್ಳಲಿ?

ಅಷ್ಟರಲ್ಲಿ ಶಿವಬಸಮ್ಮ ಒದ್ದೆ ಸೀರೆಯಲ್ಲಿ ದಡ ಹತ್ತಿ ಬಂದಳು. ಅಂಗೈಯಲ್ಲಿ ಓದಿಸಿದ ಸಕ್ಕರೆ ಇತ್ತು.

"ಎಲ್ಲಾ ತಾಬೂತಿಗೂ ಮಂದಿ ದಾರ ಕಟ್ಟಿದ್ರು. ನಿಂದೊಂದ ಬರಿಗೈಲೆ ನಿಂತಿತ್ತು. ನೀ ಗೆಲ್ಲಲಿ ಅಂತ ನಾನ ಹರಕಿ ಹೊತ್ತೆ, ನಾನ ಮುಂದ ನಿಂತು ಹೊರಿಸಿದೆ. ಬಾಯಿ ತೆಗಿ."

ಅರ್ಚನಾ ನನ್ನ ಮುಖ ನೋಡಿದಳು. ನಾನು ಕೆರೆಯ ಕಡೆ ತಿರುಗಿದೆ.

"ಗೆದ್ದದ್ದು ಯಾವಾಗ ಗೊತ್ತಾಕ್ಕೈತವ್ವ?" ಎಂದು ತಾಯಿ ಕೇಳಿದಳು.

"ಇನ್ನಾ ಟೈಮ್ ಐತವ್ವ," ಎಂದು ಅರ್ಚನಾ ಬಾಯಿ ತೆರೆದಳು.