ಹಗೇವಿಗೆ ಇಳಿದ ಗೌಡಶಾನಿ

ಹೋದ ತಿಂಗಳು ನಮ್ಮ ಓಣಿಯ ತುದಿಯಲ್ಲಿ ಯಾರೋ ಹೊಸ ಮನೆಗೆ ಪಾಯ ತೆಗೆಸುತ್ತಿದ್ದಾಗ ನೆಲ ಕುಸಿದು ಒಂದು ಗುಂಡಿ ಬಾಯಿ ಬಿಟ್ಟಿತು. ಕೆಲಸದವರು ಹಳೆಯ ಬಾವಿ ಇರಬೇಕೆಂದರು. ನಾನು ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತಿದ್ದೆ. ಗಾಳಿ ಈ ಕಡೆ ತಿರುಗಿದಾಗ ವಾಸನೆ ಬಂತು. ಮುಗ್ಗಿದ ಹುಲ್ಲು, ಹುಳಿತ ಜೋಳ, ತಣ್ಣನೆಯ ಮಣ್ಣು... ಅದು ಬಾವಿಯಲ್ಲ, ಹಗೇವು. ನಮ್ಮ ಕಡೆ ಹಿಂದೆ ಸುಗ್ಗಿಯ ಜೋಳವನ್ನು ನೆಲದೊಳಗೆ ಇಂಥ ಗುಂಡಿಗೆ ಸುರಿದು, ಬಾಯಿಗೆ ಕಲ್ಲು ಹಾಕಿ, ಮೇಲೆ ಮಣ್ಣು ಮುಚ್ಚಿ ಇಡುತ್ತಿದ್ದರು. ಆ ವಾಸನೆ ಮೂಗಿಗೆ ತಾಗಿದ್ದೇ ತಡ, ನನ್ನ ಅಂಗೈಗಳು ಬೆವತವು.

ನಾನು ಮದುವೆಯಾಗಿ ಬನಹಟ್ಟಿಗೆ ಬಂದಾಗ ಜಮಖಂಡಿ ಸಂಸ್ಥಾನ ಹೋಗಿ ಮುಂಬೈ ಸರಕಾರ ಬಂದು ಬಹಳ ಕಾಲವಾಗಿರಲಿಲ್ಲ. ನಮ್ಮದು ನೇಕಾರರ ಓಣಿ. ಮನೆಮನೆಯಲ್ಲೂ ಕೈಮಗ್ಗ. ಓಣಿ ಮುಗಿಯುವಲ್ಲಿ ಗೌಡರ ವಾಡೆ, ಅದರ ಎದುರಿನ ಬಯಲಿನಲ್ಲಿ ಅವರ ಹಗೇವು. ವಾಡೆಯ ಕಿರಿಯ ಸೊಸೆಯನ್ನು ನಾವೆಲ್ಲ ಗೌಡಶಾನಿ ಎನ್ನುತ್ತಿದ್ದೆವು. ಅವರ ಗಂಡ ತೀರಿಕೊಂಡಿದ್ದರು. ಮಕ್ಕಳಿರಲಿಲ್ಲ. ಮನೆಯ ಯಜಮಾನಿಕೆಯೆಲ್ಲ ಭಾವನ ಕೈಯಲ್ಲಿತ್ತು, ಅಂದರೆ ಅವರ ಗಂಡನ ಅಣ್ಣ, ಗೌಡರ ಕೈಯಲ್ಲಿ. ಗೌಡಶಾನಿ ಎತ್ತರದ ಹೆಂಗಸು, ಮಾತು ಕಡಿಮೆ. ಸೆರಗು ಹಣೆಯ ತನಕ ಇಳಿದಿರುತ್ತಿತ್ತು. ಓಣಿಗೆ ಇಳಿದು ಬಂದದ್ದನ್ನು ನಾನು ಕಂಡಿರಲಿಲ್ಲ. ಭಾವನೆದುರು ಅವರು ಒಮ್ಮೆಯೂ ಬಾಯಿ ತೆರೆದಿಲ್ಲ, ಏನು ಹೇಳುವುದಿದ್ದರೂ ಆಳಿನ ಮೂಲಕ ಹೇಳಿಸುತ್ತಾರೆ ಎಂದು ನಮ್ಮತ್ತೆ ಹೇಳಿದ್ದಳು. ದೊಡ್ಡ ಮನೆಯ ರೀತಿಯೇ ಹಾಗೆ ಎಂದು ನಾನೂ ನಂಬಿದ್ದೆ.

ಆ ವರ್ಷ ನಮಗೆ ಎರಡೂ ಕಡೆಯಿಂದ ಹೊಡೆತ ಬಿತ್ತು. ನೂಲು ಸಿಗದೆ ಮಗ್ಗಗಳು ನಿಂತವು. ಅದೇ ಹೊತ್ತಿಗೆ ಜೋಳದ ಧಾರಣೆ ಸಂತೆಯಿಂದ ಸಂತೆಗೆ ಏರತೊಡಗಿತು. ಸರಕಾರದ ಕಂಟ್ರೋಲ್ ಅಂಗಡಿಯಲ್ಲಿ ಹುಳ ಹಿಡಿದ ಕೆಂಪು ಜೋಳ ಕೊಡುತ್ತಿದ್ದರು, ಅದೂ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ನಾವು ಮೊದಲು ಬೇಳೆ ಬಿಟ್ಟೆವು, ಆಮೇಲೆ ಒಗ್ಗರಣೆ. ರೊಟ್ಟಿ ತೆಳ್ಳಗಾಗುತ್ತ ಬಂದು ಕೊನೆಗೆ ಅಂಬಲಿಯಾಯಿತು. ನಮ್ಮತ್ತೆ ದಿನಕ್ಕೊಂದು ಉಪವಾಸದ ಹೆಸರು ಹೇಳಿ ತನ್ನ ಪಾಲನ್ನು ನನ್ನ ಕಡೆ ಸರಿಸುತ್ತಿದ್ದಳು. ಸೋಮವಾರವೆಂದಳು, ಗುರುವಾರವೆಂದಳು, ಅಮಾವಾಸ್ಯೆಯೆಂದಳು... ಆಮೇಲಾಮೇಲೆ ಹೆಸರು ಹೇಳುವುದನ್ನೂ ಬಿಟ್ಟಳು. ನನ್ನ ಮಡಿಲಲ್ಲಿ ಹಸುಗೂಸು. ಎದೆಯಲ್ಲಿ ಹಾಲಿಳಿಯದೆ ಅದು ಅತ್ತು ಅತ್ತು, ಕಡೆಗೆ ಅಳುವ ದನಿಯೂ ಸಣ್ಣದಾಯಿತು. ಆ ಸಣ್ಣ ದನಿ ನನ್ನನ್ನು ಹೆಚ್ಚು ಹೆದರಿಸಿತ್ತು.

ವಾಡೆಯ ಹಗೇವು ಕಂಠಮಟ್ಟ ತುಂಬಿದೆ ಎಂದು ಓಣಿಗೆಲ್ಲ ಗೊತ್ತಿತ್ತು. ಸುಗ್ಗಿಯಲ್ಲಿ ಪಕ್ಕದೂರು ಚಿಮ್ಮಡದ ಹೊಲದಿಂದ ಬಂಡಿಗಟ್ಟಲೆ ಜೋಳ ಬಂದು ಅದರೊಳಗೆ ಇಳಿದದ್ದನ್ನು ನಾವೇ ನೋಡಿದ್ದೆವು. ಗೌಡರು ಅದನ್ನು ತೆಗೆಯದೆ ಧಾರಣೆ ಇನ್ನೂ ಏರಲೆಂದು ಕಾಯುತ್ತಿದ್ದರು. ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಒಂದು ದಿನ ಸುದ್ದಿ ಬಂತು: ಒಬ್ಬ ದೊಡ್ಡ ವ್ಯಾಪಾರಿಯ ಜೊತೆ ಮಾತಾಗಿದೆ, ಗೌಡರು ಜಮಖಂಡಿಗೆ ಹೋಗಿದ್ದಾರೆ, ನಾಳೆ ಮಧ್ಯಾಹ್ನ ಬಂಡಿಗಳನ್ನು ತರುತ್ತಾರೆ, ಜೋಳವೆಲ್ಲ ಊರು ಬಿಟ್ಟು ಹೋಗುತ್ತದೆ.

ಅಂದು ಮುಂಜಾನೆ ನಾನು ಎಂದಿನಂತೆ ಮಜ್ಜಿಗೆಗೆಂದು ವಾಡೆಯ ಹಿತ್ತಲ ಬಾಗಿಲಿಗೆ ಹೋಗಿದ್ದೆ. ಮಜ್ಜಿಗೆ ಹಾಕುತ್ತಿದ್ದ ಗೌಡಶಾನಿ ತಂಬಿಗೆ ಕೆಳಗಿಟ್ಟು ನನ್ನ ಕೂಸಿನ ತೋಳನ್ನು ಎರಡು ಬೆರಳಲ್ಲಿ ಹಿಡಿದು ನೋಡಿದರು. ಬಹಳ ಹೊತ್ತು ಹಿಡಿದಿದ್ದರು. ಆಮೇಲೆ, ಹಗೇವಿನ ಜೋಳ ತಮ್ಮ ಗಂಡನ ಪಾಲಿನ ಹೊಲದ್ದು, ಸಂಜೆಯೇ ಹಗೇವಿನ ಬಾಯಿ ತೆರೆಸುತ್ತೇನೆ, ಜೋಳವನ್ನು ಸುಗ್ಗಿಯಲ್ಲಿ ಇದ್ದ ಧಾರಣೆಗೇ ಓಣಿಗೆ ಕೊಡುತ್ತೇನೆ, ಕೈಲಾಗದವರು ಮಗ್ಗ ಆಡಿದ ಮೇಲೆ ಕೊಟ್ಟರಾಯಿತು ಎಂದರು. ನನಗೆ ನಂಬಿಕೆಯಾಗಲಿಲ್ಲ. ಕಣ್ಣಲ್ಲಿ ನೀರು ಬಂದುಬಿಟ್ಟಿತು.

“ಅಳಬ್ಯಾಡ. ನಾಳಿ ಹೊತ್ತೇರೂದರೊಳಗ ಎಲ್ಲಾರನೂ ಕರಕೊಂಡು ಬಾ. ಕಣ್ಣೀರ ಬ್ಯಾಡ, ಚೀಲಾ ತರ್ರಿ,” ಎಂದರು.

ನಾನು ಮನೆಮನೆಗೆ ಹೋದೆ. ಹೆಂಗಸರು ಒಪ್ಪಿದರು, ಗಂಡಸರು ಹಿಂಜರಿದರು. ಗೌಡರ ಮನೆಯ ಜಗಳದಲ್ಲಿ ತಲೆ ಹಾಕಿದರೆ ಈ ಊರಲ್ಲಿ ಬದುಕುವುದು ಹೇಗೆ ಎಂದು ನನ್ನ ಗಂಡನೇ ಕೇಳಿದ. ನಮ್ಮತ್ತೆ ಮೂಲೆಯಲ್ಲಿದ್ದ ಖಾಲಿ ಚೀಲ ಝಾಡಿಸಿ ಬಾಗಿಲಲ್ಲಿಟ್ಟಳು.

ಸಂಜೆ ವಾಡೆಯ ಆಳು ಮಣ್ಣು ಸರಿಸಿ ಕಲ್ಲು ಎತ್ತಿದ. ಹಗೇವು ತೆರೆದೊಡನೆ ಯಾರೂ ಇಳಿಯುವಂತಿಲ್ಲ. ಒಳಗೆ ಕೆಟ್ಟ ಗಾಳಿ ಕಟ್ಟಿರುತ್ತದೆ. ಅವಸರ ಮಾಡಿ ಇಳಿದು ಅಲ್ಲೇ ಸತ್ತವರ ಕತೆ ನಮ್ಮ ಕಡೆ ಪ್ರತಿ ಊರಿನಲ್ಲೂ ಇತ್ತು. ಅದಕ್ಕೆ ರಾತ್ರಿಯಿಡೀ ಬಾಯಿ ತೆರೆದಿಟ್ಟರು. ಬೆಳಗಾಗಿ ನಾವು ಹೋದಾಗ ಆಳು ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಟ್ಟ. ದೀಪ ನೋಡನೋಡುತ್ತ ಆರಿತು. ಬೇವಿನ ಟೊಂಗೆಗಳನ್ನು ಹಗ್ಗಕ್ಕೆ ಕಟ್ಟಿ ಮೇಲೆ ಕೆಳಗೆ ಆಡಿಸಿ ಒಳಗಿನ ಗಾಳಿ ಕಲಕಿದೆವು. ಮತ್ತೆ ಕಂದೀಲು ಬಿಟ್ಟರು. ಈ ಸಲ ದೀಪ ಸಣ್ಣಗಾಯಿತು, ಆದರೆ ಆರಲಿಲ್ಲ. ಇಳಿಯಬಹುದೇ, ಇನ್ನೂ ಕಾಯಬೇಕೇ? ಬಿಸಿಲು ಏರುತ್ತಿತ್ತು. ಜಮಖಂಡಿಯ ದಾರಿಯನ್ನೇ ಎಲ್ಲರೂ ತಿರುಗಿ ತಿರುಗಿ ನೋಡುತ್ತಿದ್ದೆವು.

ಆಳು ಹಿಂದೆ ಸರಿದ. ತನಗೆ ಹೆದರಿಕೆ ಗಾಳಿಯದಲ್ಲ, ಗೌಡರದು ಎಂದ. ಕಲ್ಲು ಎತ್ತಿದ್ದಕ್ಕೇ ಏನು ಕಾದಿದೆಯೋ, ಒಳಗಿಳಿದರೆ ಹೆಂಡಿರು ಮಕ್ಕಳೊಂದಿಗೆ ಊರು ಬಿಡಬೇಕಾಗುತ್ತದೆ ಎಂದ. ಓಣಿಯ ಗಂಡಸರು ದೂರದ ತಿರುವಿನಲ್ಲಿ ನಿಂತಿದ್ದರು. ಅವರಲ್ಲಿ ಒಬ್ಬರೂ ಮುಂದೆ ಬರಲಿಲ್ಲ.

ಗೌಡಶಾನಿ ಯಾರನ್ನೂ ಬೈಯಲಿಲ್ಲ, ಕೇಳಿಕೊಳ್ಳಲೂ ಇಲ್ಲ. ಸೆರಗು ಸೊಂಟಕ್ಕೆ ಬಿಗಿದು ಸೀರೆಗೆ ಕಚ್ಚೆ ಹಾಕಿದರು. ಬಯಲಿನಲ್ಲಿ, ಎಲ್ಲರೆದುರು, ಮೊದಲ ಸಲ ಅವರ ತಲೆಯ ಮೇಲೆ ಸೆರಗಿರಲಿಲ್ಲ. ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು. ಒಂದು ಹಗ್ಗವನ್ನು ನಡುವಿಗೆ ಕಟ್ಟಿಕೊಂಡು ಅದರ ತುದಿಯನ್ನು ನನ್ನ ಕೈಗೆ ಕೊಟ್ಟರು. ಇನ್ನೊಂದು ಹಗ್ಗಕ್ಕೆ ಬುಟ್ಟಿ, ಅದನ್ನು ನಮ್ಮತ್ತೆ ಮತ್ತು ಉಳಿದ ಹೆಂಗಸರು ಹಿಡಿದರು.

“ನಾ ಎರಡ ಸಲ ಜಗ್ಗಿದ್ರ ಮ್ಯಾಲ ಎಳೀರಿ,” ಎಂದಷ್ಟೇ ಹೇಳಿ ಇಳಿದರು.

ಮೊದಲ ಬುಟ್ಟಿ ಮೇಲೆ ಬಂತು. ಅಂಚಿನ ಜೋಳ ಕಪ್ಪಾಗಿತ್ತು, ನಡುವಿನದು ಬೆಳ್ಳಗಿತ್ತು. ಒಬ್ಬಾಕೆ ಒಂದು ಹಿಡಿ ಹಾಗೆಯೇ ಬಾಯಿಗೆ ಹಾಕಿಕೊಂಡು ಅಗಿಯತೊಡಗಿದಳು. ಬುಟ್ಟಿ ಇಳಿಯಿತು, ಏರಿತು. ಚೀಲಗಳು ತುಂಬತೊಡಗಿದವು. ನನಗೆ ಜೋಳದ ಕಡೆ ನೋಡಲೂ ಆಗುತ್ತಿರಲಿಲ್ಲ. ಕೈಯಲ್ಲಿದ್ದ ಹಗ್ಗ ಅಲುಗುತ್ತಿದೆಯೇ ಇಲ್ಲವೇ ಎನ್ನುವುದೊಂದೇ ಧ್ಯಾನ.

ಗೌಡರು ಹೇಳಿದ್ದಕ್ಕಿಂತ ಮೊದಲೇ ಬಂದರು. ಅವರ ಬಂಡಿಯ ಹಿಂದೆ ವ್ಯಾಪಾರಿಯ ಖಾಲಿ ಬಂಡಿಗಳು. ಅವರು ಕೂಗಾಡಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲವೇನೋ. ಸಾವಕಾಶ ಇಳಿದು ನಡೆದು ಬಂದರು. ಹಗೇವಿನ ಬಾಯಿಯ ಹತ್ತಿರ ನಿಂತು ಒಳಗೆ ಯಾರಿದ್ದಾರೆ ಎಂದು ಕೇಳಿದರು.

“ನಿಮ್ಮ ಮನಿ ಸೊಸಿ ಅದಾರ್ರಿ,” ಎಂದಳು ನಮ್ಮತ್ತೆ.

ಗೌಡರ ಮುಖದ ಬಣ್ಣ ಹೋಯಿತು. ನನ್ನ ಕಡೆ ತಿರುಗಿ ಕೈ ಚಾಚಿದರು. “ಹಗ್ಗಾ ಇಲ್ಲಿ ಕೊಡು.”

ಕೊಟ್ಟರೆ ಏನು ಮಾಡುತ್ತಿದ್ದರೋ ನನಗೆ ಇಂದಿಗೂ ಗೊತ್ತಿಲ್ಲ. ಬಾಯಿ ಮುಚ್ಚುವ ಕಲ್ಲು ಅವರ ಕಾಲ ಬಳಿಯಲ್ಲೇ ಇತ್ತು. ನಾನು ಹಗ್ಗವನ್ನು ಮುಂಗೈಗೆ ಸುತ್ತಿಕೊಂಡು ಎರಡೂ ಕೈಯಿಂದ ಎದೆಗವಚಿ ಹಿಡಿದೆ. ಹೆಂಗಸರು ಒಬ್ಬೊಬ್ಬರಾಗಿ ಬಂದು ನನ್ನ ಮಗ್ಗುಲಲ್ಲಿ ನಿಂತರು. ತಿರುವಿನಲ್ಲಿದ್ದ ಗಂಡಸರು ಅಲ್ಲೇ ಇದ್ದರು. ನನ್ನ ಗಂಡ ಮಾತ್ರ ನಾಲ್ಕು ಹೆಜ್ಜೆ ಮುಂದೆ ಬಂದಿದ್ದ.

ಆಗ ನೆಲದೊಳಗಿಂದ ದನಿ ಬಂತು. ಎಂದೂ ಭಾವನೊಂದಿಗೆ ಮಾತಾಡದವರ ದನಿ, ಗುಂಡಿಯಲ್ಲಿ ದಪ್ಪಗಾಗಿ ಕೇಳಿಸಿತು.

“ಭಾವಾರ, ಮ್ಯಾಲ ನಿಂತು ಹೆಣ್ಣ ಹುಡುಗೀಗೆ ಯಾಕ ಹೆದರಸ್ತೀರಿ? ಮಾತಾಡೂದಿದ್ರ ಕೆಳಗ ಬರ್ರಿ. ಇಲ್ಲಿ ಇಬ್ಬರಿಗೂ ಜಾಗಾ ಐತಿ.”

ಗೌಡರು ಅಲ್ಲಿಂದ ಕದಲಲಿಲ್ಲ. ಒಳಗಿನಿಂದ ಕೆಮ್ಮು ಕೇಳಿತು. ಮತ್ತೊಮ್ಮೆ ಕೆಮ್ಮು. ಆಮೇಲೆ ಏನೂ ಇಲ್ಲ... ಬುಟ್ಟಿಯ ಹಗ್ಗ ಸಡಿಲವಾಗಿ ನಿಂತಿತು. ನಾನು ನನ್ನ ಹಗ್ಗವನ್ನು ಮೆಲ್ಲಗೆ ಜಗ್ಗಿದೆ. ಆ ಕಡೆಯಿಂದ ಏನೂ ಬರಲಿಲ್ಲ. ಕೂಗಿದೆ. ಇಲ್ಲ. ಎಳೆದೆ, ಹಗ್ಗದ ತುದಿಯಲ್ಲಿ ಭಾರವಿತ್ತು, ಜೀವದ ಅಲುಗಾಟವಿರಲಿಲ್ಲ.

ಮುಂದಿನದು ನನಗೆ ತುಣುಕು ತುಣುಕಾಗಿ ನೆನಪಿದೆ. ಅಂಗೈಯ ಚರ್ಮ ಕಿತ್ತು ಬಂದದ್ದು. ನನ್ನ ಕೈಯ ಮುಂದೆ ಇನ್ನೆರಡು ದೊಡ್ಡ ಕೈ ಹಗ್ಗ ಹಿಡಿದು ಎಳೆಯುತ್ತಿದ್ದದ್ದು. ನನ್ನ ಗಂಡನಿರಬೇಕು ಎಂದುಕೊಂಡೆ. ತಲೆಯೆತ್ತಿದರೆ ಗೌಡರು. ಅವರ ತಲೆಯ ಪಟಗ ಬಿಚ್ಚಿ ಹೆಗಲ ಮೇಲೆ ಬಿದ್ದಿತ್ತು. ಹಲ್ಲು ಕಚ್ಚಿ, ಹಿಂದಕ್ಕೆ ವಾಲಿ, ಶಕ್ತಿಯೆಲ್ಲ ಹಾಕಿ ಎಳೆಯುತ್ತಿದ್ದರು. ನನ್ನ ಗಂಡ ಹಗೇವಿನ ಬಾಯಿಯ ಬಳಿ ಬೋರಲು ಮಲಗಿ ಗೌಡಶಾನಿಯ ರಟ್ಟೆ ಹಿಡಿದ. ಎಲ್ಲರೂ ಸೇರಿ ಮೇಲೆ ತಂದು ಬಯಲಿನಲ್ಲಿ ಮಲಗಿಸಿದೆವು. ತುಟಿ ನೀಲಿಯಾಗಿತ್ತು. ನಮ್ಮತ್ತೆ ನೀರು ಹೊಡೆದಳು, ಗಾಳಿ ಬೀಸಿದಳು, ಕೆನ್ನೆ ತಟ್ಟಿದಳು. ಎದೆ ಏರಿಳಿಯುವುದು ಕಂಡಾಗ ಯಾರೋ ಅಳತೊಡಗಿದರು.

ಕಣ್ಣು ತೆರೆದ ಗೌಡಶಾನಿ ಮೊದಲು ಕೇಳಿದ್ದು, ತುಂಬಿದ್ದ ಬುಟ್ಟಿ ಎಳೆದುಕೊಂಡಿರಾ ಎಂದು. ಆಮೇಲೆ ಮೊಣಕೈ ಊರಿ ಎದ್ದು, ಮತ್ತೆ ಹಗೇವಿನ ಕಡೆಗೆ ತೆವಳಲು ನೋಡಿದರು.

ಗೌಡರು ಸ್ವಲ್ಪ ಹೊತ್ತು ಅದನ್ನು ನೋಡಿದರು. ಆಳನ್ನು ಕರೆದು, ಗಾಳಿ ಆಡಿಸಿ ಇಳಿ ಎಂದರು. ಅದು ಕರುಣೆಯೋ, ಮನೆಯ ಸೊಸೆ ಬಯಲಿನಲ್ಲಿ ಸತ್ತಳೆಂಬ ಅಪಕೀರ್ತಿಯ ಭಯವೋ... ನನಗೆ ತಿಳಿಯದು. ಖಾಲಿ ಬಂಡಿಗಳು ಬಂದ ದಾರಿಯಲ್ಲೇ ತಿರುಗಿ ಹೋದವು. ಹೊತ್ತು ಮುಳುಗುವ ಮೊದಲು ಓಣಿಯ ಪ್ರತಿ ಮನೆಯಲ್ಲೂ ಬೀಸುವ ಕಲ್ಲು ತಿರುಗಿತು. ಆ ಹಗೇವಿನ ವಾಸನೆಯ ರೊಟ್ಟಿಯನ್ನು ನಮ್ಮತ್ತೆ ಉಂಡಳು. ಅಂದು ಅಮಾವಾಸ್ಯೆಯೂ ಇರಲಿಲ್ಲ, ಸೋಮವಾರವೂ ಇರಲಿಲ್ಲ.

ಗೌಡರು ಜೋಳ ಬಿಟ್ಟುಕೊಟ್ಟರು, ಆದರೆ ಗುಂಡಿಯಿಂದ ಬಂದ ಆ ಮಾತನ್ನು ಮರೆಯಲಿಲ್ಲ. ವಾಡೆಯಲ್ಲಿ ಗೌಡಶಾನಿಗೆ ಊಟ ಬೇರೆಯಾಯಿತು, ಆಮೇಲೆ ಹಿತ್ತಲ ಬಾಗಿಲಿಗೆ ಬೀಗ ಬಿತ್ತು. ಕೆಲವು ವಾರ ಕಳೆದು ತವರೂರು ತುಬಚಿಯಿಂದ ಅವರ ತಮ್ಮ ಬಂಡಿ ತಂದ. ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ, ಅಷ್ಟೇ. ನಾವು ಊರ ಹೊರಗಿನವರೆಗೆ ಬಂಡಿಯ ಹಿಂದೆ ನಡೆದೆವು. ಹೊಲದ ಪಾಲಿಗೆ ಅವರು ಜಗಳವಾಡಲಿಲ್ಲವಂತೆ. ಆಡಿದ್ದರೆ ಯಾರು ಅವರ ಪರ ನಿಲ್ಲುತ್ತಿದ್ದರು?

ಮತ್ತೆ ನೂಲು ಬಂದಾಗ ನಮ್ಮ ಮಗ್ಗದಿಂದ ಇಳಿದ ಮೊದಲ ಸೀರೆ ತೆಗೆದುಕೊಂಡು ನಾನು ತುಬಚಿಗೆ ಹೋದೆ. ನನ್ನ ಮಗಳು ಆಗ ಅಂಗಳದಲ್ಲಿ ಓಡಾಡುವಷ್ಟಾಗಿದ್ದಳು. ಗೌಡಶಾನಿ ಸೊರಗಿದ್ದರು, ಆ ಕೆಮ್ಮು ಹೋಗಿರಲೇ ಇಲ್ಲ. ಅವತ್ತು ಅಷ್ಟು ಧೈರ್ಯ ಎಲ್ಲಿಂದ ಬಂತೆಂದು ಕೇಳಿದೆ. ಮಗಳನ್ನು ತೊಡೆಯ ಮೇಲೆ ಕೂಡಿಸಿಕೊಂಡು ಹೇಳಿದರು, ಅವರು ದಿನಾ ಮುಂಜಾನೆ ವಾಡೆಯ ಮಾಳಿಗೆಗೆ ಹೋಗುತ್ತಿದ್ದರಂತೆ, ಅಲ್ಲಿಂದ ನಮ್ಮ ಓಣಿಯ ಒಲೆಗಳ ಹೊಗೆ ಕಾಣುತ್ತಿತ್ತಂತೆ.

“ಮೊದಲ ಒಂದ ಮನಿ ಹೊಗಿ ನಿಂತಿತು. ಆಮ್ಯಾಲ ಇನ್ನೊಂದ. ನಿಮ್ಮ ಮನೀದೂ ನಿಂತಿತು. ಧೈರ್ಯ ಏನಿಲ್ಲವ್ವಾ ನನಗ. ಉಂಡದ್ದು ಗಂಟಲದಾಗ ಇಳೀದಂಗ ಆತು.”

ಅದೇ ಕೊನೆ. ಮುಂದಿನ ಚಳಿಗಾಲ ಸಂತೆಗೆ ಬಂದ ತುಬಚಿಯವರು ಗೌಡಶಾನಿ ತೀರಿಕೊಂಡ ಸುದ್ದಿ ತಂದರು. ಸುದ್ದಿ ಮುಟ್ಟುವ ಹೊತ್ತಿಗೆ ಮಣ್ಣೂ ಆಗಿತ್ತು. ನಮ್ಮ ಓಣಿಯಲ್ಲಿ ಅಂದು ಯಾರೂ ಮಗ್ಗಕ್ಕೆ ಕೂಡಲಿಲ್ಲ. ನಾನು ಕೊಟ್ಟ ಸೀರೆಯಲ್ಲೇ ಅವರನ್ನು ಕಳಿಸಿದರೆಂದು ಆಮೇಲೆ ತಿಳಿಯಿತು.

ಆ ದಿನ ಬಯಲಿನಲ್ಲಿದ್ದ ಹೆಂಗಸರಲ್ಲಿ ಈಗ ಉಳಿದವಳು ನಾನೊಬ್ಬಳೇ. ನಮ್ಮತ್ತೆ ಹೋದಳು, ನನ್ನ ಗಂಡ ಹೋದ, ಗೌಡರೂ ಹೋದರು. ವಾಡೆ ಪಾಲಾಗಿ, ತುಂಡು ತುಂಡಾಗಿ ಮಾರಾಟವಾಗಿ, ಅಲ್ಲೀಗ ಪವರ್‌ಲೂಮಿನ ಸದ್ದು. ನನ್ನ ಸೊಸೆ ಅಂಗಡಿಯಿಂದ ಬಂದು ಬೇಳೆಯ ದರ ಹೇಳುತ್ತಾಳೆ, ನಾನು ಹೂಂ ಅನ್ನುತ್ತೇನೆ.

ಮೊನ್ನೆ ಬೆಳಿಗ್ಗೆ ಮೊಮ್ಮಗಳ ಕೈ ಹಿಡಿದು ನಮ್ಮ ಮಾಳಿಗೆ ಹತ್ತಿದೆ. ಯಾಕೆಂದು ಅವಳು ಕೇಳಿದಳು, ಸುಮ್ಮನೆ ಎಂದೆ. ಎಲ್ಲರ ಮನೆಯಲ್ಲೂ ಈಗ ಗ್ಯಾಸಿನ ಒಲೆ. ಯಾರು ಉಂಡರು, ಯಾರು ಬಿಟ್ಟರು, ಮೇಲಿನಿಂದ ಏನೂ ತಿಳಿಯುವುದಿಲ್ಲ. ತುಬಚಿ ಇರುವ ದಿಕ್ಕಿಗೆ ಮುಖ ಮಾಡಿ ಸ್ವಲ್ಪ ಹೊತ್ತು ನಿಂತಿದ್ದೆ... ಮೊಣಕಾಲು ನೋಯತೊಡಗಿದಾಗ ಇಳಿದು ಬಂದೆ.